ಕಾರ್ಖಾನೆಯ ಪವರ್ ಸಿಸ್ಟಮ್ ಕೆಲಸ: ಎಲೆಕ್ಟ್ರಿಕಲ್ ಓದಿದವರು ಎಲ್ಲಿಂದ ಶುರು ಮಾಡಬೇಕು?

"ಕೋರ್ ಫೀಲ್ಡ್‌ಗೆ ಹೋಗಬೇಕು ಅಂತಿದೆ ಸರ್, ಎಲ್ಲಿಂದ ಶುರು ಮಾಡಲಿ?" "ಇಟ್ಯಾಪ್ ಕೋರ್ಸ್ ಮಾಡಿದ್ರೆ ಕೆಲಸ ಸಿಗುತ್ತಾ?" "ಡಿಪ್ಲೊಮಾ ಸಾಕಾ, ಬಿಇ ಬೇಕೇ ಬೇಕಾ?" ಎಲೆಕ್ಟ್ರಿಕಲ್ ಓದಿದವರಿಂದ ಈ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. (ಇಟ್ಯಾಪ್ ಅಂದರೆ ಪವರ್ ಸಿಸ್ಟಮ್ ಲೆಕ್ಕ ಮಾಡುವ ಸಾಫ್ಟ್‌ವೇರ್.) ಒಬ್ಬೊಬ್ಬರಿಗೆ ಒಂದೊಂದು ಸಾಲು ಉತ್ತರ ಕೊಟ್ಟರೆ ಪ್ರಯೋಜನವಿಲ್ಲ. ಅದಕ್ಕೆ ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಮೂರು ವರ್ಷ ಉಪಕರಣವನ್ನು ಕೈಯಾರೆ ಬಿಚ್ಚುವ, ನೋಡುವ, ಟೆಸ್ಟ್ ಮಾಡುವ ಜಾಗದಲ್ಲಿ ಇರಿ. ಸಂಬಳ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ. ಸಾಫ್ಟ್‌ವೇರ್, ಡಿಸೈನ್, ಸ್ಟಡಿ (ಅಂದರೆ ಕಂಪ್ಯೂಟರಿನಲ್ಲಿ ಮಾಡುವ ಸಿಸ್ಟಮ್ ಲೆಕ್ಕ) ಎಲ್ಲ ಆಮೇಲೆ. ಬ್ರೇಕರ್ ಬಿಚ್ಚಿ ಒಳಗೆ ನೋಡಿದವರು ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸವೇ ಬೇರೆ. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಈ ಕೆಲಸ ಅಂದರೆ ಏನು?

ಕೆಪಿಟಿಸಿಎಲ್ ಅಥವಾ ಎಸ್ಕಾಂ ಲೈನು ಕಾರ್ಖಾನೆಯ ಬೇಲಿಗೆ ಬಂದು ಮುಟ್ಟುತ್ತದಲ್ಲ, ಅಲ್ಲಿಂದ ಹಿಡಿದು ಒಳಗಿನ ಕೊನೆಯ ಮೋಟರಿನ ಟರ್ಮಿನಲ್ ಬಾಕ್ಸ್‌ವರೆಗೆ ಇರುವುದೆಲ್ಲ ನಿಮ್ಮದು. ಸಬ್‌ಸ್ಟೇಷನ್, ಟ್ರಾನ್ಸ್‌ಫಾರ್ಮರ್, ಪ್ಯಾನೆಲ್, ರಿಲೇ (ದೋಷ ಕಂಡಾಗ ಬ್ರೇಕರನ್ನು ಟ್ರಿಪ್ ಮಾಡಿಸುವ ಸಾಧನ), ಕೇಬಲ್, ಕೆಪಾಸಿಟರ್ ಬ್ಯಾಂಕ್, ಡಿಜಿ ಸೆಟ್, ಅರ್ಥಿಂಗ್. ದೊಡ್ಡ ಕಡೆ ಸ್ವಂತ ಜನರೇಟರೂ ಇರುತ್ತದೆ. ತೋರಣಗಲ್ಲಿನ ಉಕ್ಕು, ಮಂಗಳೂರಿನ ರಿಫೈನರಿ, ಕಲಬುರಗಿ ಕಡೆಯ ಸಿಮೆಂಟ್, ದಾಂಡೇಲಿಯ ಕಾಗದ, ಬೆಳಗಾವಿ ಬಾಗಲಕೋಟೆಯ ಸಕ್ಕರೆ, ಬೆಂಗಳೂರಿನ ಡೇಟಾ ಸೆಂಟರ್, ಎಲ್ಲ ಕಡೆ ಇದೇ ಕೆಲಸ, ಗಾತ್ರ ಮಾತ್ರ ಬೇರೆ.

ನಮ್ಮಲ್ಲಿ ಇದು ಹೊಸದೂ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ಉತ್ಪಾದನೆ ಶುರುವಾದಾಗ ಅದು ಹೋಗಿದ್ದು ಮನೆಗಳಿಗಲ್ಲ. ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅಂದರೆ ಮೈಸೂರು ಸೀಮೆಯ ಎಲೆಕ್ಟ್ರಿಕಲ್ ಎಂಜಿನಿಯರ್‌ಗಳ ಮೊದಲ ದೊಡ್ಡ ಗಿರಾಕಿ ಒಂದು ಕೈಗಾರಿಕೆ.

ಬೇಕಾಗುವುದು ಇಷ್ಟು: ಬಿಇ ಅಥವಾ ಡಿಪ್ಲೊಮಾ, ತ್ರೀ ಫೇಸ್ ಲೆಕ್ಕ ಗೊತ್ತಿರಬೇಕು, ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್, ಒಂದು ಒಳ್ಳೆಯ ಮಲ್ಟಿಮೀಟರ್, ದೂಳು ಬಿಸಿಲಿನಲ್ಲಿ ನಿಲ್ಲುವ ಮನಸ್ಸು. ಮಾರ್ಕ್ಸ್ ಕಡಿಮೆ ಇದೆ ಅಂತ ಹಿಂಜರಿಯಬೇಡಿ. ಕ್ಯಾಂಪಸ್‌ನಲ್ಲಿ ಮಾರ್ಕ್ಸ್ ಕೇಳುತ್ತಾರೆ, ಸೈಟ್‌ನಲ್ಲಿ ಕೇಳುವುದಿಲ್ಲ.

1. ಎಸ್‌ಎಲ್‌ಡಿ ಓದುವುದನ್ನು ಕಲಿಯಿರಿ

ಎಸ್‌ಎಲ್‌ಡಿ ಅಂದರೆ ಸಿಂಗಲ್ ಲೈನ್ ಡಯಾಗ್ರಾಮ್. ಮೂರು ಫೇಸನ್ನೂ ಒಂದೇ ಗೆರೆಯಲ್ಲಿ ತೋರಿಸಿ, ಕರೆಂಟ್ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಬರೆದ ನಕ್ಷೆ. ಇಂಟರ್‌ವ್ಯೂನಲ್ಲಿ ಒಂದು ಎಸ್‌ಎಲ್‌ಡಿ ಮುಂದಿಟ್ಟು "ಇದನ್ನು ವಿವರಿಸಿ" ಅಂದರೆ ಎಷ್ಟೋ ಜನ ತಡವರಿಸುತ್ತಾರೆ. ಕಾಲೇಜಿನಲ್ಲಿ ಇದಕ್ಕೆ ಕೊಡುವ ಸಮಯವೇ ಕಡಿಮೆ.

ನಿಮ್ಮ ಕಾಲೇಜಿನ ಸಬ್‌ಸ್ಟೇಷನ್‌ನಿಂದಲೇ ಶುರು ಮಾಡಿ. ಅನುಮತಿ ತಗೊಂಡು ಹೊರಗಿನಿಂದ ನೋಡಿ. 11 ಕೆವಿ ಎಲ್ಲಿ ಬರುತ್ತದೆ, ಮೀಟರಿಂಗ್ ಕ್ಯೂಬಿಕಲ್ ಯಾವುದು, ಟ್ರಾನ್ಸ್‌ಫಾರ್ಮರ್ ನೇಮ್‌ಪ್ಲೇಟ್‌ನಲ್ಲಿ ಏನಿದೆ, ಡಿಜಿ ಎಲ್ಲಿ ಸೇರುತ್ತದೆ. ಮನೆಗೆ ಬಂದು ಎಸ್‌ಎಲ್‌ಡಿ ಬರೆಯಿರಿ. ಆಮೇಲೆ ಅಲ್ಲಿನ ಎಲೆಕ್ಟ್ರಿಷಿಯನ್‌ಗೆ ತೋರಿಸಿ ತಪ್ಪು ಕೇಳಿ. ಅವರಿಗೆ ಗೊತ್ತಿರುವಷ್ಟು ವಿವರ ಯಾವ ಡ್ರಾಯಿಂಗ್‌ನಲ್ಲೂ ಇರುವುದಿಲ್ಲ.

ನೇಮ್‌ಪ್ಲೇಟ್ ಓದುವುದು ಸಣ್ಣ ಕೆಲಸ ಅಲ್ಲ. ಕೆವಿಎ, ಎರಡೂ ಕಡೆಯ ವೋಲ್ಟೇಜ್, ಶೇಕಡಾ ಇಂಪಿಡೆನ್ಸ್, ವೆಕ್ಟರ್ ಗ್ರೂಪ್, ಟ್ಯಾಪ್‌ಗಳು. ಈ ಐದನ್ನು ಓದಿದ ಕೂಡಲೇ ಅರ್ಥ ಹೇಳಲು ಬರಬೇಕು. 'ಡಿವೈಎನ್11' ಅಂತ ಬರೆದಿದ್ದರೆ ಹೈ ವೋಲ್ಟೇಜ್ ಕಡೆ ಡೆಲ್ಟಾ, ಲೋ ವೋಲ್ಟೇಜ್ ಕಡೆ ಸ್ಟಾರ್, ನ್ಯೂಟ್ರಲ್ ಹೊರಗೆ ತಂದಿದ್ದಾರೆ, ಎರಡರ ನಡುವೆ 30 ಡಿಗ್ರಿ ಅಂತರ ಇದೆ ಅಂತ. ವೆಕ್ಟರ್ ಗ್ರೂಪ್ ಹೊಂದದ ಎರಡು ಟ್ರಾನ್ಸ್‌ಫಾರ್ಮರ್‌ಗಳನ್ನು ಪ್ಯಾರಲಲ್ ಮಾಡಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ ನೋಡಿ. ಇದೂ ಇಂಟರ್‌ವ್ಯೂ ಪ್ರಶ್ನೆಯೇ.

2. ಒಂದು ಲೆಕ್ಕವನ್ನು ಕೈಯಲ್ಲೇ ಮಾಡಿ

ಸಾಫ್ಟ್‌ವೇರ್ ಮುಟ್ಟುವ ಮೊದಲು ಈ ಲೆಕ್ಕ ಬರಲೇಬೇಕು. 1000 ಕೆವಿಎ, 11 ಕೆವಿ / 433 ವೋಲ್ಟ್, 5% ಇಂಪಿಡೆನ್ಸ್ ಇರುವ ಟ್ರಾನ್ಸ್‌ಫಾರ್ಮರ್ ತಗೊಳ್ಳಿ.

ಲೋ ವೋಲ್ಟೇಜ್ ಕಡೆಯ ಫುಲ್ ಲೋಡ್ ಕರೆಂಟ್: 1000ವನ್ನು 1.732 ಮತ್ತು 0.433ರ ಗುಣಲಬ್ಧದಿಂದ ಭಾಗಿಸಿ. ಸುಮಾರು 1333 ಆಂಪಿಯರ್. ಇದನ್ನು 0.05ರಿಂದ ಭಾಗಿಸಿದರೆ ಟ್ರಾನ್ಸ್‌ಫಾರ್ಮರ್ ಟರ್ಮಿನಲ್‌ನಲ್ಲಿ ತ್ರೀ ಫೇಸ್ ಶಾರ್ಟ್ ಆದಾಗ ಹರಿಯುವ ಕರೆಂಟ್ ಸಿಗುತ್ತದೆ. ಸುಮಾರು 26.7 ಕಿಲೋ ಆಂಪಿಯರ್ (ಕೆಎ). ಕೆಪಿಟಿಸಿಎಲ್ ಕಡೆಯ ಸೋರ್ಸ್ ಇಂಪಿಡೆನ್ಸ್ ಸೊನ್ನೆ ಅಂತ ಇಟ್ಟುಕೊಂಡದ್ದಕ್ಕೆ ಇದು ಸ್ವಲ್ಪ ಜಾಸ್ತಿಯೇ ಬಂದಿದೆ. ಆದರೆ ನಡೆಯುತ್ತಿರುವ ಮೋಟರ್‌ಗಳು ಶಾರ್ಟ್ ಆದ ಕ್ಷಣದಲ್ಲಿ ತಾವೂ ಕರೆಂಟ್ ತಳ್ಳುತ್ತವೆ. ಅದು ಇದರ ಮೇಲೆ ಸೇರುತ್ತದೆ.

ಈಗ ಆ ಪ್ಯಾನೆಲ್‌ಗೆ 25 ಕೆಎ ಬ್ರೇಕರ್, ಅಂದರೆ 25 ಕೆಎವರೆಗಿನ ಫಾಲ್ಟನ್ನು ಮಾತ್ರ ಕತ್ತರಿಸಬಲ್ಲದ್ದು, ಹಾಕಬಹುದಾ? ಹಾಕಬಾರದು. ಸಾಮಾನ್ಯವಾಗಿ ಸಿಗುವ ಮುಂದಿನ ರೇಟಿಂಗ್ 36 ಅಥವಾ 50 ಕೆಎ ಬೇಕು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಇಂಥ ಎರಡು ಟ್ರಾನ್ಸ್‌ಫಾರ್ಮರ್, ನಡುವೆ ಒಂದು ಬಸ್ ಕಪ್ಲರ್ ಇದೆ. ಬಸ್ ಕಪ್ಲರ್ ಅಂದರೆ ಪ್ಯಾನೆಲ್‌ನ ಎರಡು ಭಾಗಗಳನ್ನು ಜೋಡಿಸುವ ಬ್ರೇಕರ್. ಎರಡೂ ಇನ್‌ಕಮರ್ (ಟ್ರಾನ್ಸ್‌ಫಾರ್ಮರ್ ಕಡೆಯಿಂದ ಬರುವ ಬ್ರೇಕರ್) ಆನ್ ಇರುವಾಗ ಯಾರೋ ಕಪ್ಲರನ್ನೂ ಆನ್ ಮಾಡಿದರೆ ಫಾಲ್ಟ್ ಕರೆಂಟ್ 53 ಕೆಎ ದಾಟುತ್ತದೆ. ನಿಮ್ಮ 50 ಕೆಎ ಪ್ಯಾನೆಲ್ ಈಗ ಸಾಲುವುದಿಲ್ಲ. ಮೂರರಲ್ಲಿ ಎರಡು ಬ್ರೇಕರ್ ಮಾತ್ರ ಒಟ್ಟಿಗೆ ಆನ್ ಆಗುವಂತೆ ಇಂಟರ್‌ಲಾಕ್ ಹಾಕುವುದು ಇದಕ್ಕೇ. ಮೂರು ಬ್ರೇಕರ್‌ಗೆ ಎರಡೇ ಕೀಲಿ ಕೊಟ್ಟಿರುತ್ತಾರೆ.

ಇಲ್ಲಿ ಎಚ್ಚರಿಕೆ: ಹಳೆಯ ಕಾರ್ಖಾನೆಗಳಲ್ಲಿ "ಶಟ್‌ಡೌನ್ ಟೈಮ್ ಉಳಿಯುತ್ತೆ" ಅಂತ ಮೂರನೇ ಕೀಲಿ ಮಾಡಿಸಿಟ್ಟಿರುವುದು ಉಂಟು. ಅಂಥದ್ದು ಕಣ್ಣಿಗೆ ಬಿದ್ದರೆ ಸುಮ್ನೆ ಬಿಡಬೇಡಿ. ಮೇಲಿನವರಿಗೆ ಬರವಣಿಗೆಯಲ್ಲಿ ತಿಳಿಸಿ, ಜೊತೆಗೆ ಈ ಲೆಕ್ಕವನ್ನೂ ಲಗತ್ತಿಸಿ.

3. ಯಾವ ಬಾಗಿಲಿನಿಂದ ಒಳಗೆ ಹೋಗುವುದು?

ಮುಖ್ಯವಾಗಿ ನಾಲ್ಕು ದಾರಿ ಇವೆ. ಎಲ್ಲವೂ ಸಮ ಅಂತ ನಾನು ಹೇಳುವುದಿಲ್ಲ.

ಟೆಸ್ಟಿಂಗ್ ಮತ್ತು ಕಮಿಷನಿಂಗ್ ಏಜೆನ್ಸಿ ನನ್ನ ಮೊದಲ ಆಯ್ಕೆ. ಹೊಸ ಸಬ್‌ಸ್ಟೇಷನ್ ಕಟ್ಟಿದ ಮೇಲೆ ಪ್ರತಿ ಉಪಕರಣವನ್ನೂ ಪರೀಕ್ಷಿಸಿ ಚಾರ್ಜ್ ಮಾಡಿಕೊಡುವ, ಅಂದರೆ ಮೊದಲ ಸಲ ಸಪ್ಲೈ ಕೊಟ್ಟು ಚಾಲೂ ಮಾಡಿಕೊಡುವ ಕಂಪನಿಗಳು ಇವು. ಹೆಚ್ಚಿನವು ಚಿಕ್ಕವು, ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಓಡಾಟ ಜಾಸ್ತಿ, ಊಟ ನಿದ್ದೆ ಸರಿಯಾಗಿ ಇರುವುದಿಲ್ಲ. ಆದರೆ ಒಂದು ವರ್ಷದಲ್ಲಿ ಸಿಮೆಂಟ್, ಸ್ಟೀಲ್, ಸೋಲಾರ್, ಆಸ್ಪತ್ರೆ ಎಲ್ಲದರ ಪ್ಯಾನೆಲ್ ನೋಡಿಬಿಡುತ್ತೀರಿ.

ಎರಡನೆಯದು ಕಾರ್ಖಾನೆಯ ಎಲೆಕ್ಟ್ರಿಕಲ್ ಮೆಂಟೆನೆನ್ಸ್. ಒಂದೇ ಕಡೆ ಇರುತ್ತೀರಿ, ಆಳವಾಗಿ ಕಲಿಯುತ್ತೀರಿ. ಉತ್ತರ ಕರ್ನಾಟಕದವರಿಗೆ ನಾನು ಸಕ್ಕರೆ ಕಾರ್ಖಾನೆಯ ಕೋಜೆನ್ ಘಟಕವನ್ನು ವಿಶೇಷವಾಗಿ ಹೇಳುತ್ತೇನೆ. ಕೋಜೆನ್ ಅಂದರೆ ಕಬ್ಬಿನ ಸಿಪ್ಪೆ ಉರಿಸಿ ಬರುವ ಹಬೆಯಿಂದ ಟರ್ಬೈನ್ ತಿರುಗಿಸಿ ಕರೆಂಟ್ ಮಾಡುವುದು. ಅದೇ ಹಬೆ ಸಕ್ಕರೆ ಕುದಿಸುವುದಕ್ಕೂ ಹೋಗುತ್ತದೆ, ಉಳಿದ ಕರೆಂಟ್ ಗ್ರಿಡ್‌ಗೆ ಹೋಗುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಗಲು ರಾತ್ರಿ ಆಪರೇಷನ್. ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಓವರ್‌ಹಾಲ್. ಜನರೇಟರ್, ಸಿಂಕ್ರೊನೈಸಿಂಗ್, ಗ್ರಿಡ್ ಪ್ರೊಟೆಕ್ಷನ್, ಮೋಟರ್, ಕಪ್ಪು ಗ್ರೀಸಿನಿಂದ ಹಿಡಿದು ಟರ್ಬೈನ್ ವೇಗ ಹಿಡಿದಿಡುವ ಗವರ್ನರ್‌ವರೆಗೆ ಎಲ್ಲವೂ ಒಂದೇ ಆವರಣದಲ್ಲಿ. ಹೊಸಬರಿಗೆ ಇಷ್ಟು ವಿಷಯ ಒಟ್ಟಿಗೆ ಸಿಗುವ ಜಾಗ ಕಡಿಮೆ.

ಮೂರನೆಯದು ಪ್ಯಾನೆಲ್, ಟ್ರಾನ್ಸ್‌ಫಾರ್ಮರ್, ರಿಲೇ ತಯಾರಿಸುವ ಕಂಪನಿಗಳು. ಪೀಣ್ಯದ ಚಿಕ್ಕ ಪ್ಯಾನೆಲ್ ಬಿಲ್ಡರ್‌ನಿಂದ ಹಿಡಿದು ಬಹುರಾಷ್ಟ್ರೀಯ ಕಂಪನಿಗಳವರೆಗೆ ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ನಾಲ್ಕನೆಯದು ಡಿಸೈನ್ ಕಚೇರಿಗಳು. ಎಸಿ ರೂಮು, ಒಳ್ಳೆಯ ಸಂಬಳ. ಹೊಸಬರು ನೇರ ಇಲ್ಲಿಗೆ ಸೇರಿದರೆ ಒಂದು ತೊಂದರೆ: ಕೇಬಲ್ ಷೆಡ್ಯೂಲ್ ಬರೆಯುತ್ತಾ ವರ್ಷಗಳು ಹೋಗುತ್ತವೆ, ಆ ಕೇಬಲ್ ಎಷ್ಟು ದಪ್ಪ, ಎಷ್ಟು ಬಗ್ಗುತ್ತದೆ, ಗ್ಲ್ಯಾಂಡ್ ಪ್ಲೇಟಿನಲ್ಲಿ ಹಿಡಿಸುತ್ತದಾ ಅನ್ನುವ ಅಂದಾಜೇ ಬರುವುದಿಲ್ಲ. ಇಂಥ ಕೆಲಸ ಸಿಕ್ಕಿದ್ದರೆ ಬಿಡಬೇಡಿ, ಆದರೆ ಸೈಟಿಗೆ ಕಳುಹಿಸಿ ಅಂತ ಬೆನ್ನು ಬೀಳಿ.

ಏನೂ ಸಿಗದೆ ಇದ್ದರೆ ಅಪ್ರೆಂಟಿಸ್‌ಶಿಪ್ ಇದೆ. ಬಿಇ ಮತ್ತು ಡಿಪ್ಲೊಮಾ ಮುಗಿಸಿದವರಿಗೆ ಒಂದು ವರ್ಷದ ತರಬೇತಿ, ಸ್ಟೈಪೆಂಡ್ ಕೊಡುತ್ತಾರೆ. ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಿ. ಸಾರ್ವಜನಿಕ ವಲಯದ ಸಂಸ್ಥೆಗಳೂ ಇದರ ಮೂಲಕ ತೆಗೆದುಕೊಳ್ಳುತ್ತವೆ. ಡಿಪ್ಲೊಮಾದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಬಹುದು. ಆದರೆ ಟೆಸ್ಟಿಂಗ್ ಕೆಲಸಕ್ಕೆ ಡಿಪ್ಲೊಮಾ ಧಾರಾಳ ಸಾಕು. ಎರಡು ವರ್ಷ ಕೆಲಸ ಮಾಡಿ ಆಮೇಲೆ ಓದುವುದೂ ಒಳ್ಳೆಯದೇ.

ಮೋಸ ಹೋಗುವ ಜಾಗಗಳು ಇಲ್ಲೇ ಜಾಸ್ತಿ. ಕೆಲಸಕ್ಕೆ ದುಡ್ಡು ಕೇಳಿದರೆ ಎದ್ದು ಬನ್ನಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಒತ್ತೆ ಇಡಬೇಡಿ. ಬಾಂಡ್ ಇದ್ದರೆ ಪೂರ್ತಿ ಓದದೆ ಸಹಿ ಹಾಕಬೇಡಿ. ಗುತ್ತಿಗೆದಾರರ ಪೇರೋಲ್ ಆದರೆ ಪಿಎಫ್ ಮತ್ತು ಅಪಘಾತ ವಿಮೆ ಇದೆಯಾ ಅಂತ ಮೊದಲ ದಿನವೇ ಕೇಳಿ. ಹೈ ವೋಲ್ಟೇಜ್ ಕೆಲಸಕ್ಕೆ ವಿಮೆ ಇಲ್ಲದೆ ಕಳುಹಿಸುವವರ ಹತ್ತಿರ ಕೆಲಸ ಬೇಡ.

4. ಸೈಟಿಗೆ ಕಾಲಿಡುವ ಮೊದಲು

ಈ ಹಂತವನ್ನು ಹಾರಿಸಿ ಮುಂದೆ ಓದಬೇಡಿ. ದಯವಿಟ್ಟು.

ನಮ್ಮ ಕಡೆ 'ಎಲ್‌ಸಿ ತಗೊಳ್ಳೋದು' ಅಂತಾರೆ. ಲೈನ್ ಕ್ಲಿಯರ್. ಇಂಥ ಫೀಡರ್ ಆಫ್ ಆಗಿದೆ, ಅದರ ಮೇಲೆ ನೀವು ಕೆಲಸ ಮಾಡಬಹುದು ಅಂತ ಜವಾಬ್ದಾರಿ ಇರುವ ವ್ಯಕ್ತಿ ಬರೆದು ಕೊಡುವ ಅನುಮತಿ. ಕಾರ್ಖಾನೆಗಳಲ್ಲಿ ಪರ್ಮಿಟ್ ಟು ವರ್ಕ್ ಅನ್ನುತ್ತಾರೆ. ಬಾಯಿಮಾತಿನ ಎಲ್‌ಸಿ, ಫೋನಿನಲ್ಲಿ "ಆಫ್ ಮಾಡಿದೀನಿ, ಹೋಗು" ಅನ್ನುವ ಎಲ್‌ಸಿ, ಇವು ಎಲ್‌ಸಿಯೇ ಅಲ್ಲ.

ಕ್ರಮ ಹೀಗಿರಬೇಕು. ಎಲ್ಲ ಕಡೆಯಿಂದ ಬರುವ ಸಪ್ಲೈ ಕತ್ತರಿಸಿ. ಬ್ರೇಕರನ್ನು ಹೊರಗೆಳೆದು ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ, ಟ್ಯಾಗ್ ತೂಗುಹಾಕಿ. ಆಮೇಲೆ ವೋಲ್ಟೇಜ್ ಡಿಟೆಕ್ಟರ್‌ನಿಂದ ನೋಡಿ. ಡಿಟೆಕ್ಟರನ್ನು ಮೊದಲು ಸಪ್ಲೈ ಇರುವ ಕಡೆ ಪರೀಕ್ಷಿಸಿ, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಸಪ್ಲೈ ಇರುವ ಕಡೆ. ನಡುವೆ ಅದರ ಬ್ಯಾಟರಿ ಸತ್ತಿದ್ದರೆ ನಿಮಗೆ ಗೊತ್ತಾಗುವುದು ಹೀಗೆ ಮಾತ್ರ. ಕೊನೆಗೆ ಅರ್ಥ್ ಮಾಡಿ. ಡಿಸ್‌ಚಾರ್ಜ್ ರಾಡಿನ ಅರ್ಥ್ ತುದಿಯನ್ನು ಮೊದಲು ಕಟ್ಟಿ, ಆಮೇಲೆ ಕಂಡಕ್ಟರ್ ಮುಟ್ಟಿಸಿ. ತೆಗೆಯುವಾಗ ಉಲ್ಟಾ.

'ಎಲ್ಲ ಕಡೆಯಿಂದ' ಅನ್ನುವುದೇ ಕಷ್ಟದ ಭಾಗ. ಡಿಜಿ ಇದೆ, ಯುಪಿಎಸ್ ಇದೆ, ಚಾವಣಿ ಮೇಲೆ ಸೋಲಾರ್ ಇದೆ. ಹೊಸಬರಿಗೆ ಯಾರೂ ಹೇಳದ ಇನ್ನೊಂದು ದಾರಿಯೂ ಇದೆ. ಅದು ಪಿಟಿ. ಪಿಟಿ ಅಂದರೆ 11,000 ವೋಲ್ಟನ್ನು ಮೀಟರ್ ಮತ್ತು ರಿಲೇಗಾಗಿ 110 ವೋಲ್ಟ್‌ಗೆ ಇಳಿಸುವ ಚಿಕ್ಕ ಟ್ರಾನ್ಸ್‌ಫಾರ್ಮರ್. ರಿಲೇ ಟೆಸ್ಟ್ ಮಾಡಲು ನೀವು ಟೆಸ್ಟ್ ಕಿಟ್‌ನಿಂದ 110 ವೋಲ್ಟ್ ಕೊಡುತ್ತೀರಿ. ಪಿಟಿಯ ಸೆಕೆಂಡರಿ ಎಂಸಿಬಿ ಆಫ್ ಮಾಡದೆ ಇದ್ದರೆ ಆ 110 ವೋಲ್ಟ್ ಹಿಂದಕ್ಕೆ ಹೋಗಿ ಬಸ್‌ಬಾರ್‌ನಲ್ಲಿ 11,000 ವೋಲ್ಟ್ ಆಗಿ ಏಳುತ್ತದೆ. ಪಕ್ಕದ ಪ್ಯಾನೆಲ್‌ನಲ್ಲಿ ಒಬ್ಬ ಕೆಲಸಗಾರ "ಬಸ್ ಡೆಡ್ ಇದೆ" ಅಂತ ಬೋಲ್ಟ್ ಬಿಗಿಯುತ್ತಿರುತ್ತಾನೆ. ಹಾಗಾಗಿ ಎಂಸಿಬಿ ಆಫ್ ಮಾಡಿ, ಪಿಟಿ ಟ್ರಾಲಿಯನ್ನೂ ಹೊರಗೆಳೆಯಿರಿ, ಆಮೇಲೆ ಕಿಟ್ ಕಟ್ಟಿ.

ಸಿಟಿ, ಅಂದರೆ ದೊಡ್ಡ ಕರೆಂಟನ್ನು 1 ಅಥವಾ 5 ಆಂಪಿಯರ್‌ಗೆ ಇಳಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್, ಇದರ ನಿಯಮ ಬೇರೆ. ಲೋಡ್ ಹರಿಯುವಾಗ ಇದರ ಸೆಕೆಂಡರಿ ತೆರೆಯಬಾರದು. ತೆರೆದರೆ ಟರ್ಮಿನಲ್‌ನಲ್ಲಿ ಸಾವಿರಾರು ವೋಲ್ಟ್ ಏಳಬಹುದು. ಮೀಟರ್ ಬದಲಿಸುವ ಮೊದಲು ಶಾರ್ಟಿಂಗ್ ಲಿಂಕ್ ಹಾಕಿ, ಸ್ಕ್ರೂ ಬಿಗಿಯಾಗಿದೆಯಾ ಅಂತ ಎರಡು ಸಲ ನೋಡಿ.

ಆರ್ಕ್ ಫ್ಲ್ಯಾಶ್ ಬಗ್ಗೆಯೂ ಓದಿಕೊಳ್ಳಿ. ಪ್ಯಾನೆಲ್ ಒಳಗೆ ಶಾರ್ಟ್ ಆದಾಗ ಗಾಳಿಯೇ ಉರಿದು ಸಿಡಿಯುವುದು. ಇದರ ಶಾಖವನ್ನು ಚದರ ಸೆಂಟಿಮೀಟರಿಗೆ ಇಷ್ಟು ಕ್ಯಾಲೊರಿ ಅಂತ ಅಳೆಯುತ್ತಾರೆ. 1.2 ಕ್ಯಾಲೊರಿಗೇ ಚರ್ಮದ ಮೇಲೆ ಎರಡನೇ ಹಂತದ ಸುಟ್ಟ ಗಾಯ ಶುರುವಾಗುತ್ತದೆ. ಲೆಕ್ಕದ ವಿಧಾನ ಐಇಇಇ 1584 ಅನ್ನುವ ಸ್ಟ್ಯಾಂಡರ್ಡ್‌ನಲ್ಲಿದೆ. ಪಾಲಿಯೆಸ್ಟರ್ ಶರ್ಟ್ ಹಾಕಿಕೊಂಡು ಬ್ರೇಕರ್ ಮುಂದೆ ನಿಲ್ಲಬೇಡಿ. ಅದು ಕರಗಿ ಮೈಗೆ ಅಂಟುತ್ತದೆ.

5. ಮೊದಲ ಮೂರು ವರ್ಷ: ಟೆಸ್ಟ್ ಮಾಡಿ, ಯಾಕೆ ಅಂತ ಕೇಳಿ

ಕಿಟ್‌ನ ಬಟನ್ ಒತ್ತಿ ರಿಪೋರ್ಟ್ ಪ್ರಿಂಟ್ ತೆಗೆಯುವುದು ಯಾರಿಗಾದರೂ ಬರುತ್ತದೆ. ಪ್ರತಿ ಟೆಸ್ಟ್ ಯಾವ ದೋಷವನ್ನು ಹಿಡಿಯಲು ಇದೆ ಅಂತ ಗೊತ್ತಿದ್ದರೆ ನೀವು ಎಂಜಿನಿಯರ್.

ಉದಾಹರಣೆಗೆ ಮೆಗ್ಗರ್. ಇನ್ಸುಲೇಷನ್ ಎಷ್ಟು ಗಟ್ಟಿ ಅಂತ ಡಿಸಿ ವೋಲ್ಟೇಜ್ ಕೊಟ್ಟು ಅಳೆಯುವ ಉಪಕರಣ. ದೊಡ್ಡ ಮೋಟರಿಗೆ ಒಂದು ನಿಮಿಷದ ರೀಡಿಂಗ್ ಒಂದನ್ನೇ ಬರೆದುಕೊಂಡು ಬಂದರೆ ಅರ್ಧ ಕೆಲಸ. ಹತ್ತು ನಿಮಿಷದ ರೀಡಿಂಗನ್ನು ಒಂದು ನಿಮಿಷದ ರೀಡಿಂಗ್‌ನಿಂದ ಭಾಗಿಸಿ. ಅದಕ್ಕೆ ಪೋಲರೈಸೇಷನ್ ಇಂಡೆಕ್ಸ್ ಅನ್ನುತ್ತಾರೆ. 2 ಅಥವಾ ಜಾಸ್ತಿ ಬಂದರೆ ಸಾಮಾನ್ಯವಾಗಿ ಒಳ್ಳೆಯದು. 1ರ ಹತ್ತಿರ ಬಂದರೆ ತೇವ ಅಥವಾ ಕೊಳೆ ಇದೆ ಅಂತ ಅನುಮಾನ ಪಡಿ. ಮಳೆಗಾಲದಲ್ಲಿ ಮಂಗಳೂರಿನ ಸೈಟ್‌ನಲ್ಲಿ ಬರುವ ರೀಡಿಂಗನ್ನು ಬೇಸಿಗೆಯ ಬಳ್ಳಾರಿಯ ರೀಡಿಂಗ್ ಜೊತೆ ಹಾಗೇ ಹೋಲಿಸಬೇಡಿ. ತಾಪಮಾನ, ತೇವಾಂಶ ಎರಡನ್ನೂ ಬರೆದಿಡಿ. ಟೆಸ್ಟ್ ಮುಗಿದ ಮೇಲೆ ವೈಂಡಿಂಗನ್ನು ಡಿಸ್‌ಚಾರ್ಜ್ ಮಾಡುವುದನ್ನು ಮರೆಯಬೇಡಿ.

ಇನ್ನೊಂದು, ಸಿಟಿಯ ಪೋಲಾರಿಟಿ. ಇದಕ್ಕೆ ಲಕ್ಷಗಟ್ಟಲೆಯ ಕಿಟ್ ಇದೆ, ಚಿಕ್ಕ ಬ್ಯಾಟರಿಯಿಂದಲೂ ಆಗುತ್ತದೆ. ಪ್ರೈಮರಿಯ ಪಿ1ಗೆ ಬ್ಯಾಟರಿಯ ಪ್ಲಸ್, ಪಿ2ಗೆ ಮೈನಸ್. ಸೆಕೆಂಡರಿಯ ಎಸ್1, ಎಸ್2ಗೆ ಮುಳ್ಳಿನ ಮೀಟರ್. ಬ್ಯಾಟರಿ ತಾಗಿಸಿದ ಕ್ಷಣ ಮುಳ್ಳು ಬಲಕ್ಕೆ ಜಿಗಿದು ವಾಪಸ್ ಬಂದರೆ ಪೋಲಾರಿಟಿ ಸರಿ. ಎಡಕ್ಕೆ ಹೋದರೆ ಉಲ್ಟಾ. ಆಮೇಲೆ ಸಿಟಿಯ ಕೋರನ್ನು ಡಿಮ್ಯಾಗ್ನೆಟೈಸ್ ಮಾಡಬೇಕು, ಡಿಸಿ ಕೊಟ್ಟಾಗ ಒಳಗೆ ಸ್ವಲ್ಪ ಕಾಂತತ್ವ ಉಳಿದಿರುತ್ತದೆ.

ಪೋಲಾರಿಟಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ? ಡಿಫರೆನ್ಷಿಯಲ್ ರಿಲೇ ಟ್ರಾನ್ಸ್‌ಫಾರ್ಮರಿನ ಎರಡು ಕಡೆಯ ಕರೆಂಟನ್ನು ಹೋಲಿಸುತ್ತದೆ. ಒಂದು ಕಡೆಯ ಸಿಟಿ ಉಲ್ಟಾ ಇದ್ದರೂ ಲೋಡ್ ಇಲ್ಲದಾಗ ಏನೂ ಆಗುವುದಿಲ್ಲ. ಚಾರ್ಜ್ ಆಯ್ತು, ಸಿಹಿ ಹಂಚಿದ್ದಾಯ್ತು, ಎಲ್ಲರೂ ಹೊರಟರು. ಪ್ರೊಡಕ್ಷನ್ ಶುರುವಾಗಿ ಲೋಡ್ ಏರಿದ ಕೂಡಲೇ ಟ್ರಿಪ್. ಆಗ ರಿಲೇ ಕೆಟ್ಟಿದೆ ಅಂತ ಬದಲಿಸುವವರೂ ಇದ್ದಾರೆ. ಚಾರ್ಜ್ ಮಾಡಿದ ಮೇಲೆ ಸ್ವಲ್ಪ ಲೋಡ್ ಹಾಕಿ, ರಿಲೇ ಪರದೆಯಲ್ಲಿ ಡಿಫರೆನ್ಷಿಯಲ್ ಕರೆಂಟ್ ಸೊನ್ನೆ ಹತ್ತಿರ ಇದೆಯಾ ಅಂತ ನೋಡಿದ ಮೇಲಷ್ಟೇ ಸೈಟ್ ಬಿಡಿ.

ಟ್ರಾನ್ಸ್‌ಫಾರ್ಮರ್ ರೇಷಿಯೋ, ವೈಂಡಿಂಗ್ ರೆಸಿಸ್ಟೆನ್ಸ್, ಎಣ್ಣೆಯ ಬಿಡಿವಿ (ಬ್ರೇಕ್‌ಡೌನ್ ವೋಲ್ಟೇಜ್), ಬ್ರೇಕರ್ ಟೈಮಿಂಗ್, ಕಾಂಟ್ಯಾಕ್ಟ್ ರೆಸಿಸ್ಟೆನ್ಸ್, ಅರ್ಥ್ ಪಿಟ್ ರೆಸಿಸ್ಟೆನ್ಸ್ ಇವೆಲ್ಲ ಕೈಗೆ ಬರಬೇಕು. ಹಳೆಯ ರಿಪೋರ್ಟ್‌ನಿಂದ ಸಂಖ್ಯೆ ನಕಲು ಮಾಡಿ ಹೊಸ ರಿಪೋರ್ಟ್ ಮಾಡುವ ಕೆಟ್ಟ ಚಾಳಿ ಈ ಕ್ಷೇತ್ರದಲ್ಲಿದೆ. ಒಮ್ಮೆ ಅದಕ್ಕೆ ಸಹಿ ಹಾಕಿದರೆ ಆ ಉಪಕರಣ ಸಿಡಿದ ದಿನ ಹೊಣೆ ನಿಮ್ಮದು.

6. ಪ್ರೊಟೆಕ್ಷನ್ ಕಲಿಯಿರಿ

ಈ ಕ್ಷೇತ್ರದಲ್ಲಿ ಬೇಡಿಕೆ ಯಾವತ್ತೂ ಇಳಿಯದ ವಿಷಯ ಅಂದರೆ ಪ್ರೊಟೆಕ್ಷನ್. ರಿಲೇಗಳಿಗೆ ನಂಬರ್ ಇದೆ: 50 ಅಂದರೆ ತಕ್ಷಣ ಟ್ರಿಪ್ ಮಾಡುವ ಓವರ್‌ಕರೆಂಟ್, 51 ಅಂದರೆ ಸಮಯ ಬಿಟ್ಟು ಮಾಡುವುದು, 87 ಡಿಫರೆನ್ಷಿಯಲ್, 27 ವೋಲ್ಟೇಜ್ ಇಳಿದಾಗ, 86 ಮಾಸ್ಟರ್ ಟ್ರಿಪ್. ಬಾಯಿಪಾಠ ಮಾಡುವ ಅಗತ್ಯ ಇಲ್ಲ, ಕೆಲಸ ಮಾಡುತ್ತಾ ತಾನಾಗೇ ಬರುತ್ತದೆ.

ಹಂತ 2ರ ಟ್ರಾನ್ಸ್‌ಫಾರ್ಮರಿಗೇ ವಾಪಸ್ ಬರೋಣ. 11 ಕೆವಿ ಕಡೆ ಫುಲ್ ಲೋಡ್ 52.5 ಆಂಪಿಯರ್. ಲೋ ವೋಲ್ಟೇಜ್ ಕಡೆಯ 26.7 ಕೆಎ ಫಾಲ್ಟ್ 11 ಕೆವಿ ಕಡೆ ಸುಮಾರು 1050 ಆಂಪಿಯರ್ ಆಗಿ ಕಾಣುತ್ತದೆ. 50 ಎಲಿಮೆಂಟನ್ನು ಇದಕ್ಕಿಂತ ಮೇಲೆ ಇಡಬೇಕು. 1.3 ಪಟ್ಟು ಅಂತ ತಗೊಂಡರೆ 1365 ಆಂಪಿಯರ್. ಆಗ ಕೆಳಗಿನ ಪ್ಯಾನೆಲ್‌ನಲ್ಲಿ ಫಾಲ್ಟ್ ಆದರೆ ಮೇಲಿನ ಬ್ರೇಕರ್ ಅವಸರ ಮಾಡುವುದಿಲ್ಲ, ಕೆಳಗಿನದೇ ಬಿಡಿಸಿಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ಆನ್ ಮಾಡಿದ ಕ್ಷಣದ ಇನ್‌ರಶ್ ಕರೆಂಟ್ ಫುಲ್ ಲೋಡಿನ 8ರಿಂದ 12 ಪಟ್ಟು ಅಂದುಕೊಂಡರೂ 630ರ ಒಳಗೆ. ಅದಕ್ಕೂ ಟ್ರಿಪ್ ಆಗುವುದಿಲ್ಲ.

51ಕ್ಕೆ ಹೆಚ್ಚಾಗಿ ಸ್ಟ್ಯಾಂಡರ್ಡ್ ಇನ್ವರ್ಸ್ ಕರ್ವ್ ಬಳಸುತ್ತಾರೆ. ಕರೆಂಟ್ ಹೆಚ್ಚಾದಷ್ಟೂ ಬೇಗ ಟ್ರಿಪ್. ಟೈಮ್ ಮಲ್ಟಿಪ್ಲೈಯರ್ (ಟ್ರಿಪ್ ಸಮಯವನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) 1 ಇದ್ದಾಗ ಸೆಟ್ಟಿಂಗ್‌ನ 2 ಪಟ್ಟು ಕರೆಂಟಿಗೆ ಸುಮಾರು 10 ಸೆಕೆಂಡ್, 10 ಪಟ್ಟಿಗೆ ಸುಮಾರು 3 ಸೆಕೆಂಡ್. ಈ ಎರಡು ಅಂಕಿ ತಲೆಯಲ್ಲಿದ್ದರೆ ಸೈಟ್‌ನಲ್ಲಿ ರಿಲೇ ಸರಿಯಾಗಿ ನಡೆಯುತ್ತಿದೆಯಾ ಅಂತ ಪೇಪರ್ ಇಲ್ಲದೆ ಹೇಳಬಹುದು. ಕೆಳಗಿನ ಮತ್ತು ಮೇಲಿನ ರಿಲೇ ನಡುವೆ ಸುಮಾರು 0.3 ಸೆಕೆಂಡ್ ಅಂತರ ಇಡುವುದು ವಾಡಿಕೆ.

ಎಚ್ಚರಿಕೆ: ಪದೇ ಪದೇ ಟ್ರಿಪ್ ಆಗುತ್ತಿದೆ ಅಂತ ಸೆಟ್ಟಿಂಗ್ ಏರಿಸಿ ಅಂತ ಪ್ರೊಡಕ್ಷನ್‌ನವರು ಒತ್ತಾಯ ಮಾಡುತ್ತಾರೆ. ಕಾರಣ ಸಿಗುವ ತನಕ ಏರಿಸಬೇಡಿ. ರಿಲೇಯ ಡಿಸ್ಟರ್ಬೆನ್ಸ್ ರೆಕಾರ್ಡ್ ಇಳಿಸಿಕೊಳ್ಳಿ, ಟ್ರಿಪ್ ಆದ ಕ್ಷಣದ ಅಲೆಗಳು ಅದರಲ್ಲಿ ಇರುತ್ತವೆ. ಬದಲಿಸಲೇಬೇಕಾದರೆ ಹಳೆಯ ಸೆಟ್ಟಿಂಗ್, ಹೊಸದು, ಯಾರ ಒಪ್ಪಿಗೆ, ಯಾವ ದಿನಾಂಕ ಎಲ್ಲ ದಾಖಲಾಗಲಿ.

7. ಪರ್ಮಿಟ್ ಮತ್ತು ಸ್ಟ್ಯಾಂಡರ್ಡ್

ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಸೂಪರ್‌ವೈಸರ್ ಪರ್ಮಿಟ್ ಕೊಡುತ್ತದೆ. ಅರ್ಹತೆ ಬಂದ ಕೂಡಲೇ ಅರ್ಜಿ ಹಾಕಿ, ಮುಂದೆ ಸ್ವಂತ ಕಾಂಟ್ರ್ಯಾಕ್ಟ್ ಮಾಡುವ ಯೋಚನೆ ಇದ್ದರೂ ಇಲ್ಲದಿದ್ದರೂ. ಹೈ ವೋಲ್ಟೇಜ್ ಇನ್‌ಸ್ಟಾಲೇಷನ್ ಚಾರ್ಜ್ ಮಾಡುವ ಮೊದಲು ಡ್ರಾಯಿಂಗ್ ಅಪ್ರೂವಲ್, ಆಮೇಲೆ ತಪಾಸಣೆ ಇದೇ ಇಲಾಖೆಯಿಂದ ಆಗಬೇಕು. ಸೈಟ್‌ನಲ್ಲಿ 'ಸಿಇಐಜಿ ಅಪ್ರೂವಲ್' (ಸಿಇಐಜಿ ಅಂದರೆ ಸರ್ಕಾರದ ಮುಖ್ಯ ವಿದ್ಯುತ್ ಪರಿವೀಕ್ಷಕರು) ಅನ್ನುವುದು ಇದನ್ನೇ. ಒಂದು ಪ್ರಾಜೆಕ್ಟ್‌ನಲ್ಲಾದರೂ ಈ ಫೈಲ್ ಹಿಡಿದು ನೀವೇ ಓಡಾಡಿ. ಯಾವ ಅಂತರ ಎಷ್ಟಿರಬೇಕು, ಎರಡು ಅರ್ಥ್ ಯಾಕೆ ಬೇಕು ಅನ್ನುವುದೆಲ್ಲ ಇನ್‌ಸ್ಪೆಕ್ಟರ್ ಕೇಳುವ ಪ್ರಶ್ನೆಗಳಿಂದಲೇ ಚೆನ್ನಾಗಿ ತಿಳಿಯುತ್ತದೆ.

ಓದಲೇಬೇಕಾದ್ದು: ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು. 2010ರದ್ದು ಹಳೆಯದಾಯಿತು, ಅದನ್ನೇ ಹಿಡಿದುಕೊಂಡು ಉತ್ತರ ಹೇಳಬೇಡಿ. ಅರ್ಥಿಂಗ್‌ಗೆ ಐಎಸ್ 3043. ಶಾರ್ಟ್ ಸರ್ಕ್ಯೂಟ್ ಲೆಕ್ಕಕ್ಕೆ ಐಇಸಿ 60909. ಲೋ ವೋಲ್ಟೇಜ್ ಪ್ಯಾನೆಲ್‌ಗೆ ಐಇಸಿ 61439. ಹಾರ್ಮೋನಿಕ್ಸ್‌ಗೆ, ಅಂದರೆ ಡ್ರೈವ್ ಮತ್ತು ಫರ್ನೇಸ್‌ಗಳಿಂದ ಅಲೆಯ ಆಕಾರ ಕೆಡುವುದಕ್ಕೆ, ಐಇಇಇ 519. ಎಲ್ಲವನ್ನೂ ಒಟ್ಟಿಗೆ ಓದಲು ಕೂರಬೇಡಿ. ಕೆಲಸ ಬಂದಾಗ ಆ ಭಾಗ ತೆರೆದು ಓದಿ.

ಬೆಂಗಳೂರಿನಲ್ಲಿರುವವರಿಗೆ ಎರಡು ಅನುಕೂಲ ಹತ್ತಿರದಲ್ಲೇ ಇವೆ. 1960ರಲ್ಲಿ ಶುರುವಾದ ಸಿಪಿಆರ್‌ಐ, ಅಂದರೆ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಇಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ಸ್ವಿಚ್‌ಗೇರ್‌ಗಳನ್ನು ನಿಜವಾಗಿಯೂ ಶಾರ್ಟ್ ಮಾಡಿ ಪರೀಕ್ಷಿಸುತ್ತಾರೆ. ನಿಮ್ಮ ಕಂಪನಿಯ ಉಪಕರಣ ಅಲ್ಲಿಗೆ ಹೋದರೆ ಜೊತೆಗೆ ಹೋಗುವ ಅವಕಾಶ ಕೇಳಿ ತಗೊಳ್ಳಿ. ಇನ್ನೊಂದು ಬನಶಂಕರಿಯಲ್ಲಿರುವ ಎನ್‌ಪಿಟಿಐನ (ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆ) ಪವರ್ ಸಿಸ್ಟಮ್ಸ್ ತರಬೇತಿ ಕೇಂದ್ರ.

8. ಈಗ ಸಾಫ್ಟ್‌ವೇರ್

ಇಟ್ಯಾಪ್, ಡಿಗ್‌ಸೈಲೆಂಟ್ ಇವುಗಳಲ್ಲಿ ಲೋಡ್ ಫ್ಲೋ, ಶಾರ್ಟ್ ಸರ್ಕ್ಯೂಟ್, ರಿಲೇ ಕೋಆರ್ಡಿನೇಷನ್, ಮೋಟರ್ ಸ್ಟಾರ್ಟಿಂಗ್, ಆರ್ಕ್ ಫ್ಲ್ಯಾಶ್ ಸ್ಟಡಿ ಮಾಡುತ್ತಾರೆ. ಕಲಿಯಲು ಕೆಲವು ವಾರ ಸಾಕು. ಫ್ರೆಶರ್ ಆಗಿ ದುಬಾರಿ ಕೋರ್ಸ್ ಸೇರಬೇಡಿ ಅನ್ನುವುದು ಇದಕ್ಕೇ. ಆ ದುಡ್ಡಿಗೆ ಸಿಗುವುದು ಬಟನ್‌ಗಳ ಪರಿಚಯ, ಒಳಗೆ ಹಾಕುವ ಡೇಟಾ ಸರಿಯಾ ತಪ್ಪಾ ಅಂತ ಹೇಳುವ ಕಣ್ಣಲ್ಲ. ಕೇಬಲ್ ಉದ್ದ 40 ಮೀಟರ್ ಅಂತ ಡ್ರಾಯಿಂಗ್‌ನಲ್ಲಿದೆ, ಟ್ರೇ ಸುತ್ತಿಕೊಂಡು ಹೋಗಿರುವುದು 110 ಮೀಟರ್. ಮೋಟರ್ ಸ್ಟಾರ್ಟ್ ಆಗುವಾಗಿನ ವೋಲ್ಟೇಜ್ ಡ್ರಾಪ್ ಬೇರೆಯೇ ಆಯಿತಲ್ಲ. ಸೈಟ್ ಓಡಾಡಿದವರಿಗೆ ಆ 40 ನೋಡಿದ ಕೂಡಲೇ ಅನುಮಾನ ಬರುತ್ತದೆ.

ಸ್ಟಡಿ ರಿಸಲ್ಟ್ ಬಂದ ಮೇಲೆ ಒಂದು ಬಸ್‌ನ ಫಾಲ್ಟ್ ಲೆವೆಲ್ಲನ್ನಾದರೂ ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಿ. ಎಷ್ಟು ಅನುಭವ ಇದ್ದರೂ ಈ ಅಭ್ಯಾಸ ಬಿಡಬೇಡಿ.

ಹೆಣ್ಣುಮಕ್ಕಳು ಕೇಳುವುದುಂಟು: ಸೈಟ್ ಬಿಟ್ಟು ನೇರ ಸ್ಟಡಿಗೆ ಬರಬಹುದಾ ಅಂತ. ಬರಬಹುದು. ಆದರೆ ಸೈಟ್ ನಿಮ್ಮದಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ. ರಿಲೇ ಟೆಸ್ಟಿಂಗ್, ಕಮಿಷನಿಂಗ್ ಚೆನ್ನಾಗಿ ಮಾಡುವ ಮಹಿಳಾ ಎಂಜಿನಿಯರ್‌ಗಳು ಇದ್ದಾರೆ. ಶೌಚಾಲಯ, ವಸತಿ, ರಾತ್ರಿ ಪಾಳಿಗೆ ವಾಹನ ಇವುಗಳನ್ನು ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಇದು ಕೊಡಬೇಕಾದ್ದು, ಬೇಡುವ ವಿಷಯ ಅಲ್ಲ.

9. ಗಲ್ಫ್ ಮತ್ತು ಹೊರಗಿನ ಕೆಲಸ

ಐದಾರು ವರ್ಷ ಕಮಿಷನಿಂಗ್ ಮಾಡಿದವರಿಗೆ ಗಲ್ಫ್‌ನಿಂದ ಕರೆ ಬರುವುದು ಸಾಮಾನ್ಯ. ಸೌದಿಯಲ್ಲಿ ಎಂಜಿನಿಯರ್ ಆಗಿ ಕೆಲಸ ಮಾಡಲು ಸೌದಿ ಕೌನ್ಸಿಲ್ ಆಫ್ ಎಂಜಿನಿಯರ್ಸ್‌ನಲ್ಲಿ ನೋಂದಣಿ ಬೇಕು, ಅದಕ್ಕೆ ಡಿಗ್ರಿ ಮತ್ತು ಅನುಭವದ ಪತ್ರ ಕೇಳುತ್ತಾರೆ. ತೈಲ, ಅನಿಲದ ಕಡೆ ಹೋಗುವವರಿಗೆ ಸ್ಫೋಟಕ ಅನಿಲ ಇರುವ ಜಾಗದ ಉಪಕರಣಗಳ ಬಗ್ಗೆ ಗೊತ್ತಿರಬೇಕು. ಅದಕ್ಕೆ ಐಇಸಿ 60079 ಓದಿ, ಕಾಂಪೆಕ್ಸ್ ಸರ್ಟಿಫಿಕೇಟ್ ಇದ್ದರೆ ಒಳ್ಳೆಯ ಬೆಲೆ ಇದೆ. ಏಜೆಂಟ್ ಮೂಲಕ ಹೋಗುವುದಾದರೆ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ನೋಂದಣಿ ನೋಡಿ. ವಿಸಿಟ್ ವೀಸಾದಲ್ಲಿ ಬನ್ನಿ, ಅಲ್ಲಿ ಬದಲಿಸೋಣ ಅಂದರೆ ಹೋಗಬೇಡಿ.

ಅಲ್ಲಿನ ಇಂಟರ್‌ವ್ಯೂ ಹೆಚ್ಚಾಗಿ ಕ್ಲೈಂಟ್‌ನ ಎಂಜಿನಿಯರ್ ಮಾಡುತ್ತಾರೆ. "ಕಮಿಷನಿಂಗ್ ಮಾಡಿದ್ದೇನೆ" ಅಂದರೆ ಅವರಿಗೆ ಸಾಲದು. ಯಾವ ವೋಲ್ಟೇಜ್, ಯಾವ ರಿಲೇ, ಏನು ಟೆಸ್ಟ್, ಏನು ತೊಂದರೆ ಬಂತು, ಹೇಗೆ ಬಿಡಿಸಿದಿರಿ ಅಂತ ಕೇಳುತ್ತಾ ಹೋಗುತ್ತಾರೆ. ಅದಕ್ಕೆ ಮೊದಲ ಸೈಟ್‌ನಿಂದಲೇ ಒಂದು ಪುಸ್ತಕ ಇಡಿ. ಒಂದೊಂದು ಪ್ರಾಜೆಕ್ಟ್‌ಗೆ ಒಂದು ಪುಟ: ದಿನಾಂಕ, ಸಬ್‌ಸ್ಟೇಷನ್ನಿನ ವೋಲ್ಟೇಜ್, ಟ್ರಾನ್ಸ್‌ಫಾರ್ಮರ್ ಎಷ್ಟು ಎಂವಿಎ, ಬ್ರೇಕರ್ ಮತ್ತು ರಿಲೇ ಮಾಡೆಲ್, ನೀವೇ ಮಾಡಿದ ಟೆಸ್ಟ್‌ಗಳು, ಸಿಕ್ಕ ದೋಷ, ಸೆಟ್ಟಿಂಗ್ ಶೀಟ್‌ಗೆ ಸಹಿ ಯಾರದ್ದು. ಕಂಪನಿಯ ಡ್ರಾಯಿಂಗ್, ಸೆಟ್ಟಿಂಗ್ ಫೈಲ್‌ಗಳನ್ನು ಮಾತ್ರ ನಕಲು ಮಾಡಿ ಇಟ್ಟುಕೊಳ್ಳಬೇಡಿ, ಅವು ನಿಮ್ಮವಲ್ಲ. ಕೆಲಸ ಬಿಡುವಾಗ ಅನುಭವ ಪತ್ರದಲ್ಲಿ ಬರೀ 'ಎಂಜಿನಿಯರ್' ಅಂತ ಬರೆಸಿಕೊಂಡು ಬರದೆ, ಈ ಪುಸ್ತಕ ನೋಡಿಕೊಂಡು ವೋಲ್ಟೇಜ್ ಮಟ್ಟ ಮತ್ತು ಕೆಲಸದ ವಿವರ ಸೇರಿಸಲು ಕೇಳಿ. ಕಂಪನಿ ಮುಚ್ಚಿದ ಮೇಲೆ ಅಥವಾ ಮ್ಯಾನೇಜರ್ ಬದಲಾದ ಮೇಲೆ ಅಂಥ ಪತ್ರ ಸಿಗುವುದು ತುಂಬಾ ಕಷ್ಟ.